ಮೊಣಕಾಲ ಮೇಲೊಂದು ಹನಿ

ನನ್ನ ಎಡಮೊಣಕಾಲಿಗೆ ಮಳೆ ಬರುವುದು ಊರಿಗೆ ಮಳೆ ಬಂದು ಏಳೆಂಟು ನಿಮಿಷ ಕಳೆದ ಮೇಲೆ. ಮೊದಲು ಜೀಪಿನ ಮುಂದಿನ ಗಾಜಿಗೆ ನಾಲ್ಕು ದಪ್ಪ ಹನಿ ಬಡಿಯುತ್ತವೆ. ಆಮೇಲೆ ತಲೆಯ ಮೇಲಿನ ಹುಡ್‌ನಲ್ಲಿ ಜೋಳ ಹುರಿದ ಸದ್ದು. ಸ್ವಲ್ಪ ಹೊತ್ತು ಎಲ್ಲ ಸುಖವಾಗಿರುತ್ತದೆ. ವೈಪರ್ ತನ್ನ ಪಾಡಿಗೆ ಕಿರ್ರೆನ್ನುತ್ತಿರುತ್ತದೆ, ಬೈಕಿನವರು ಅಂಗಡಿ ಸೂರು ಹುಡುಕಿಕೊಂಡು ಓಡುತ್ತಿರುತ್ತಾರೆ, ನಾನು ಅವರನ್ನು ನೋಡಿ ಸಣ್ಣಗೆ ಬೀಗುತ್ತ ಗೇರ್ ಬದಲಿಸುತ್ತಿರುತ್ತೇನೆ. ಸರಿಯಾಗಿ ಆಗಲೇ ಅದು ಬೀಳುತ್ತದೆ. ತಣ್ಣಗೆ, ಪಂಚೆಯೋ ಪ್ಯಾಂಟೋ ಎಂದು ನೋಡದೆ, ಮಂಡಿಚಿಪ್ಪಿನ ನಟ್ಟನಡುವೆ ಒಂದು ಹನಿ. ಹತ್ತು ಎಣಿಸಿದರೆ ಇನ್ನೊಂದು. ಅಜ್ಜಂಪುರದ ಬಸ್ ಸ್ಟ್ಯಾಂಡಿನಿಂದ ರೈಲ್ವೆ ಸ್ಟೇಷನ್ ಮುಟ್ಟುವಷ್ಟರಲ್ಲಿ ಪ್ಯಾಂಟಿನ ಮೇಲೆ ಅಂಗೈ ಅಗಲದ ನಕಾಶೆ. ಒಣಗಿದ ಬಲಗಾಲು, ಒದ್ದೆಯಾದ ಎಡಗಾಲು. ನೋಡಿದವರು ಏನೆಂದುಕೊಂಡಾರು ಎಂಬ ಚಿಂತೆ ಈ ವಯಸ್ಸಿನಲ್ಲಿ ಬೇರೆ.

ಜೀಪು 1994ರದು. ನಾನು ಕೊಂಡದ್ದು 2016ರಲ್ಲಿ, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರ ಕೆಲಸದಿಂದ ನಿವೃತ್ತನಾದ ವರ್ಷ. ಲಿಂಗದಹಳ್ಳಿಯ ಆಚೆ ಅಡಿಕೆ ತೋಟದವರೊಬ್ಬರ ಕೊಟ್ಟಿಗೆಯಲ್ಲಿ ಗೊಬ್ಬರದ ಚೀಲ ಹೊತ್ತು ನಿಂತಿತ್ತು. ನಿವೃತ್ತಿಯ ದುಡ್ಡಿನಲ್ಲಿ ಯಾರಾದರೂ ಸೈಟು ಕೊಳ್ಳುತ್ತಾರೆ, ಕಾಶಿಗೆ ಹೋಗುತ್ತಾರೆ. ನಾನು ತುಕ್ಕು ಕೊಂಡೆ ಎನ್ನುವುದು ನನ್ನಾಕೆಯ ಲೆಕ್ಕ. ಆದರೆ ಹುಡುಗನಾಗಿದ್ದಾಗ ಟೆಂಟ್ ಸಿನಿಮಾದಲ್ಲಿ, ಬಟ್ಟೆ ಸೂರನ್ನು ಹಿಂದಕ್ಕೆ ಮಡಚಿದ ಉದ್ದನೆಯ ಕಾರಿನಲ್ಲಿ ನಾಯಕ ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿದು ಹಾಡುವುದನ್ನು ನೋಡಿದ್ದೆ. ಅವತ್ತು ಒಳಗೆ ಹೊಕ್ಕ ಹುಳ ಐವತ್ತು ವರ್ಷ ಸತ್ತಿರಲಿಲ್ಲ. ಅಂಥ ಕಾರು ನಮ್ಮ ದೇಶದಲ್ಲಿ ಹುಟ್ಟಲೇ ಇಲ್ಲವೆಂದಲ್ಲ. 1990ರ ದಶಕದ ಕೊನೆಗೆ ಗೋವಾದಿಂದ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಬಂದಿತ್ತು. ಫೈಬರ್ ಮೈ, ರೆನೋ ಎಂಜಿನ್ನು, ಬಟ್ಟೆ ಟಾಪು. ಪತ್ರಿಕೆಯಲ್ಲಿ ಅದರ ಫೋಟೊ ನೋಡಿ ಕತ್ತರಿಸಿ ಇಟ್ಟುಕೊಂಡಿದ್ದೆ. ಅಜ್ಜಂಪುರದ ರಸ್ತೆಯ ಹಂಪುಗಳನ್ನು ನೆನೆದು ಮತ್ತೆ ಕಪಾಟಿಗೆ ಹಾಕಿದೆ. ನನ್ನಂಥವನಿಗೆ ಸ್ಪೋರ್ಟ್ಸ್ ಕಾರೆಂದರೆ ಜೀಪೇ. ಟಾಪು ಬಿಚ್ಚಬಹುದು, ಮುಂದಿನ ಗಾಜನ್ನು ಬಾನೆಟ್ ಮೇಲೆ ಮಲಗಿಸಬಹುದು, ಬೇಕಾದರೆ ಹಾಡಲೂಬಹುದು. ಹಾಡು ಎಂಜಿನ್ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ ಎನ್ನುವುದು ಊರಿನವರ ಪುಣ್ಯ.

ಕೊಂಡಾಗ ಅದರ ಹುಡ್ ದಪ್ಪ ಕ್ಯಾನ್ವಾಸಿನದು. ಒಂದು ಕಾಲಕ್ಕೆ ಹಸಿರಿದ್ದಿರಬೇಕು, ಈಗ ಹಳೇ ಕಂಬಳಿಯ ಬಣ್ಣ. ಕಿಟಕಿಯ ಪ್ಲಾಸ್ಟಿಕ್ಕು ಹಳದಿ ತಿರುಗಿ ಅದರಾಚೆಗಿನ ಲೋಕವೆಲ್ಲ ಕಾಮಾಲೆ ಹಿಡಿದಂತೆ ಕಾಣುತ್ತಿತ್ತು. ಹೊಸ ರೆಕ್ಸಿನ್ ಹಾಕಿಸಿಬಿಡಿ ಎಂದು ಎಲ್ಲರೂ ಹೇಳಿದರು. ನಾನೇ ರಿಪೇರಿ ಮಾಡುತ್ತೇನೆ ಎಂದೆ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಮೇಲ್ಮೈ ಎಳೆತ, ಲೋಮನಾಳ ಕ್ರಿಯೆ ಎಂದೆಲ್ಲ ಪಾಠ ಹೇಳಿದವನಿಗೆ ಒಂದು ಹನಿ ನೀರಿನ ಜಾಡು ಹಿಡಿಯುವುದು ಎಷ್ಟರ ಮಾತು!

ಮೊದಲನೆಯ ವರ್ಷ ಗುಮಾನಿ ಬಿದ್ದದ್ದು ಮುಂದಿನ ಗಾಜಿನ ಚೌಕಟ್ಟಿನ ಮೇಲೆ. ಹುಡ್‌ನ ಮುಂದಿನ ಅಂಚು ಆ ಚೌಕಟ್ಟಿನ ತಲೆಯ ಮೇಲಿರುವ ಒಂದು ತಗಡಿನ ತೋಡಿನೊಳಗೆ ತೂರಿಕೊಂಡು ಕೂರುತ್ತದೆ. ಹನಿ ಬೀಳುವುದು ಮುಂದೆ, ಅಂದಮೇಲೆ ತೂತು ಇರುವುದೂ ಮುಂದೆ. ಇದು ನನ್ನ ತರ್ಕ. ಎಂ-ಸೀಲ್ ತಂದು ಚಪಾತಿ ಹಿಟ್ಟಿನಂತೆ ನಾದಿ ಆ ತೋಡಿನ ಉದ್ದಕ್ಕೂ ಮೆತ್ತಿದೆ. ಮುಂದಿನ ಮಳೆಗೆ ಹನಿ ಅಲ್ಲೇ ಬಿತ್ತು. ಆದ ಲಾಭವೆಂದರೆ ಹುಡ್ ಬಿಚ್ಚಲಿಕ್ಕೆ ಬಾರದಂತಾಗಿದ್ದು. ಸಿನಿಮಾ ನಾಯಕನಾಗುವ ಆಸೆಗೆ ಎಂ-ಸೀಲ್ ಬಿತ್ತು ಅಂದಳು ನನ್ನಾಕೆ. ಅದನ್ನು ಉಳಿಯಿಂದ ಕೆತ್ತಿ ತೆಗೆಯಲು ಒಂದು ದಸರಾ ರಜೆ ಹಿಡಿಯಿತು. ನಿವೃತ್ತನಾದವನಿಗೆ ದಸರಾ ರಜೆಯೇನು, ಆದರೂ ಅಭ್ಯಾಸ.

ಎರಡನೆಯ ವರ್ಷ ಗುಮಾನಿ ಹೊಲಿಗೆಯ ಮೇಲೆ ಹೋಯಿತು. ನಡುವಿನ ಹೊಲಿಗೆ ಅಲ್ಲಲ್ಲಿ ಬಾಯಿ ಬಿಟ್ಟಿತ್ತು. ನಮ್ಮ ಕಡೆ ಈರುಳ್ಳಿ ಕಾಲದಲ್ಲಿ ಗೋಣಿ ಹೊಲಿಯುವ ದಬ್ಬಣ ಯಾವ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ. ಜೊತೆಗೆ ಒಂದು ಉಂಡೆ ನೈಲಾನ್ ದಾರ, ಆನೆ ಕಟ್ಟಿದರೂ ಹರಿಯದಂಥದ್ದು. ಜಗಲಿಯ ಮೇಲೆ ಹುಡ್ ಹರಡಿಕೊಂಡು ನಾಲ್ಕು ದಿನ ಹೊಲಿದೆ. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ಒಬ್ಬರು, ‘ಮೇಷ್ಟ್ರು ಈ ಸಲ ಈರುಳ್ಳಿ ಹಾಕಿದ್ರಾ?’ ಎಂದರು. ಪಕ್ಕದ ಮನೆಯವರಂತೂ ಅಂದಿನಿಂದ ನನ್ನ ಕಂಡಾಗಲೆಲ್ಲ ಶಿಶುನಾಳ ಶರೀಫರ ಮಾಳಿಗೆಯ ಪದವನ್ನು ಗುನುಗತೊಡಗಿದರು. ಅವರ ಕಂಠ ಚೆನ್ನಾಗಿದೆ, ಅದೇ ಕಷ್ಟ. ಹೊಲಿದದ್ದಾದ ಮೇಲೆ ಬಂದ ಮೊದಲ ಮಳೆಗೆ ಮೊಣಕಾಲಿನ ಹನಿ ಹಾಗೇ ಉಳಿಯಿತು. ಜೊತೆಗೆ ನಾನು ಹೊಲಿದ ಸಾಲಿನುದ್ದಕ್ಕೂ, ಒಂದೊಂದು ಗಂಟಿಗೆ ಒಂದೊಂದರಂತೆ, ಮುತ್ತು ಪೋಣಿಸಿದ ಹಾಗೆ ಹನಿಗಳು ನಿಂತವು. ನೋಡಲು ಚೆಂದವಿತ್ತು ಎನ್ನುವುದನ್ನು ಒಪ್ಪಬೇಕು.

ಈ ಸಮಯಕ್ಕೇ ನನ್ನ ತಂಗಿಯ ಮಗನ ಫೋನು ಬರತೊಡಗಿದ್ದು. ಅವನಿರುವುದು ಅಮೆರಿಕದ ಸಿಯಾಟಲ್‌ನಲ್ಲಿ. ಮಳೆಗೆ ಹೆಸರಾದ ಊರು. ಅಂಥ ಊರಿನಲ್ಲಿದ್ದುಕೊಂಡು ಅವನು ಕೊಂಡದ್ದು ಬಟ್ಟೆ ಟಾಪಿನ ಹಳೇ ಮಾಜ್ದಾ ಮಿಯಾಟಾ. 1989ರಲ್ಲಿ ಷಿಕಾಗೊದ ಕಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಆ ಪುಟ್ಟ ಕಾರಿಗೆ ಲೋಕವೆಲ್ಲ ಮರುಳಾಯಿತಂತೆ. ಎರಡೇ ಸೀಟು. ಎರಡು ಕೊಂಡಿ ಬಿಚ್ಚಿದರೆ ಟಾಪು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಹಿಂದಿನ ಪ್ಲಾಸ್ಟಿಕ್ ಕಿಟಕಿಗೆ ಜಿಪ್ಪು, ಮಡಚುವ ಮೊದಲು ಅದನ್ನು ಬಿಚ್ಚಿ ಮಲಗಿಸಬೇಕು, ಇಲ್ಲದಿದ್ದರೆ ಚಳಿಗೆ ಪೆಡಸಾದ ಪ್ಲಾಸ್ಟಿಕ್ಕು ಸೀಳುತ್ತದೆ. ನಮ್ಮ ವಂಶದಲ್ಲೇ ಈ ಹುಳ ಇದೆಯೆಂದು ಕಾಣುತ್ತದೆ. ಅವನ ದೂರು: ಮಳೆ ಬಂದ ಮಾರನೆಯ ದಿನ ಸೀಟಿನ ಹಿಂದಿನ ಕಾರ್ಪೆಟ್ಟು ತೊಪ್ಪೆಯಾಗಿರುತ್ತದೆ, ಆದರೆ ಟಾಪಿನಲ್ಲಿ ಒಂದು ತೂತೂ ಇಲ್ಲ.

‘ಮಾವ, ನಿಮ್ಮದು ಎಲ್ಲಿ ಸೋರುತ್ತೆ?’

‘ಮೊಣಕಾಲ ಮೇಲೆ.’

‘ಹುಡ್ ಎತ್ತಿ ನೋಡಿದ್ರಾ?’

ಎತ್ತಿದೆ. ಫೋನನ್ನು ಕಿವಿಗೂ ಹೆಗಲಿಗೂ ಸಿಕ್ಕಿಸಿಕೊಂಡು, ಒಂದೊಂದಾಗಿ ಬಟನ್ ಬಿಚ್ಚಿ, ಹಗ್ಗ ಸಡಿಲಿಸಿ, ಅಷ್ಟು ದೊಡ್ಡ ಕ್ಯಾನ್ವಾಸನ್ನು ಒಬ್ಬನೇ ಎತ್ತಿ ಹಿಂದಕ್ಕೆ ಹಾಕುವಷ್ಟರಲ್ಲಿ ಸೊಂಟ ಹಿಡಿಯಿತು. ‘ಎತ್ತಿದೆ ಕಣೋ, ಏನು ನೋಡಲಿ?’ ಎಂದರೆ, ‘ಗಾಜಿನ ಬುಡದಲ್ಲಿ ಎಲೆ ಕಟ್ಕೊಂಡಿದೆಯಾ ನೋಡಿ, ಬ್ಯಾಟರಿ ಪಕ್ಕ’ ಎನ್ನುತ್ತಾನೆ. ಬ್ಯಾಟರಿಗೂ ಹುಡ್‌ಗೂ ಎಲ್ಲಿಯ ಸಂಬಂಧ? ಹತ್ತು ನಿಮಿಷ ಜಗಳವಾದ ಮೇಲೆ ತಿಳಿಯಿತು, ಅಮೆರಿಕದವರು ಹುಡ್ ಎನ್ನುವುದು ಬಾನೆಟ್ಟಿಗೆ. ತಲೆಯ ಮೇಲಿನದು ಅವರಿಗೆ ಟಾಪು. ಇಂಗ್ಲೆಂಡಿನವರಿಗೆ ಮುಂದಿನದು ಬಾನೆಟ್ಟು, ಮೇಲಿನದು ಹುಡ್. ಬ್ರಿಟಿಷರು ಹೋಗಿ ಎಷ್ಟು ವರ್ಷವಾದರೂ ಅಜ್ಜಂಪುರದ ಮೆಕ್ಯಾನಿಕ್ಕು ಅವರ ಮಾತನ್ನೇ ಹಿಡಿದುಕೊಂಡಿದ್ದಾನೆ. ಜೀಪು ಮಾತ್ರ ಅಮೆರಿಕದ್ದು, ಅದರ ಹುಡ್ ಇಂಗ್ಲೆಂಡಿನದು, ಹೊಲಿಗೆ ನಮ್ಮದು. ಮೂವರೂ ಸೇರಿದ್ದರಿಂದಲೇ ಸೋರುತ್ತಿದೆ ಎಂದು ನನಗೆ ಅನ್ನಿಸಿದ್ದೂ ಉಂಟು.

ಜೀಪಿನ ಹಿಂದಿನ ಕಥೆಯನ್ನು ನೆನೆದರೆ ಸೋರುವುದಕ್ಕೆ ಅದನ್ನು ಬೈಯುವ ಹಾಗೂ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ವಿಲ್ಲಿಸ್ ಕಂಪನಿ ಕಟ್ಟಿದ್ದು ಸಿಪಾಯಿಗಳಿಗಾಗಿ. ಅವರಿಗೆ ಬೇಕಾಗಿದ್ದು ಗುಂಡು ಹಾರಿಸಲು ಅಡ್ಡ ಬಾರದ ಸೂರು, ಮಳೆ ತಡೆಯುವ ಸೂರಲ್ಲ. ಯುದ್ಧ ಮುಗಿದ ಮೇಲೆ ಮಹೀಂದ್ರಾದವರು 1947ರಲ್ಲಿ ಮುಂಬಯಿಯಲ್ಲಿ ಅದನ್ನು ಜೋಡಿಸತೊಡಗಿದರು, ಅಲ್ಲಿಂದ ಮಲೆನಾಡಿನ ಕಾಫಿ ತೋಟಕ್ಕೆ, ಅಡಿಕೆ ತೋಟಕ್ಕೆ, ಪೊಲೀಸು, ಅರಣ್ಯ ಇಲಾಖೆಗೆ ಅದು ಹರಡಿತು. ದಂಡಿನಿಂದ ಬಂದು ಗದ್ದೆಗಿಳಿದದ್ದು ಜೀಪೊಂದೇ ಅಲ್ಲ ಎನ್ನಲು ನಮ್ಮೂರಿನವರಿಗೆ ಬೇರೆ ಸಾಕ್ಷಿ ಬೇಡ. ಊರ ಹೊರಗಿನ ತಳಿ ಸಂವರ್ಧನ ಕೇಂದ್ರದ ಬೇಲಿಯಾಚೆ ನೋಡಿದರೆ ಅಮೃತಮಹಲ್ ದನಗಳು ಕೊಂಬೆತ್ತಿ ನಿಂತಿರುತ್ತವೆ. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳು ಅವು. ಹೈದರಾಲಿ, ಟಿಪ್ಪು ಅವುಗಳಿಂದ ಫಿರಂಗಿ ಎಳೆಸಿದರು, ಅಮೃತಮಹಲ್ ಎಂದು ಹೆಸರಿಟ್ಟವನೂ ಟಿಪ್ಪುವೇ. ಫಿರಂಗಿ ಹೋಯಿತು, ಎತ್ತುಗಳು ನೊಗಕ್ಕೆ ಬಂದವು. ಅವುಗಳ ಸಿಟ್ಟು ಮಾತ್ರ ಇನ್ನೂ ದಂಡಿನಲ್ಲೇ ಇದೆ.

ನಮ್ಮ ತಾತನ ಬಳಿ ಅಂಥದೇ ಒಂದು ಜೋಡಿ ಇತ್ತು, ಒಂದು ಕಮಾನು ಗಾಡಿಯೂ ಇತ್ತು. ಈಗ ಯೋಚಿಸಿದರೆ ನಮ್ಮ ಮನೆಯ ಮೊದಲ ಟಾಪು ಬಿಚ್ಚುವ ವಾಹನ ಅದೇ. ಗೊಬ್ಬರ ಹೊಡೆಯುವಾಗ ಬರೀ ಗಾಡಿ. ಹೆಂಗಸರು ಮಕ್ಕಳು ಹೊರಟರೆ ಬಿದಿರ ದಬ್ಬೆಗಳನ್ನು ಬಗ್ಗಿಸಿ ಕಮಾನು ಕಟ್ಟಿ, ಮೇಲೆ ಚಾಪೆ ಹೊದಿಸಿ, ಒಳಗೆ ಹುಲ್ಲು ಹಾಸಿ ಜಮಖಾನ ಹಾಸುತ್ತಿದ್ದರು. ಅಂತರಘಟ್ಟೆಯ ಅಮ್ಮನ ಜಾತ್ರೆಗೆ ಪಾನಕದ ಗಾಡಿಗಳು ಹೊರಟಾಗ ರಸ್ತೆಯಲ್ಲಿ ಏಳುತ್ತಿದ್ದ ಧೂಳು, ಗೆಜ್ಜೆ, ಹುರ್ರೋ ಎನ್ನುವ ಕೂಗು, ಒಬ್ಬರನ್ನೊಬ್ಬರು ಹಿಂದೆ ಹಾಕುವ ಹಟ. ಸ್ಪೋರ್ಟ್ಸ್ ಕಾರು ಎನ್ನುವ ಮಾತಿಗೆ ನನಗೆ ಮೊದಲು ಅರ್ಥ ಗೊತ್ತಾದದ್ದು ಆ ಗಾಡಿಯೊಳಗೆ ಅಜ್ಜಿಯ ಸೆರಗು ಹಿಡಿದು ಕೂತಾಗ. ಒಂದು ಸಲ ವಾಪಸು ಬರುವಾಗ ಅಕಾಲದ ಮಳೆ ಹಿಡಿಯಿತು. ಚಾಪೆ ಸೋರಲಿಲ್ಲ. ನಾನು ಕೆಳಗಿನಿಂದ ಬೆರಳಿಟ್ಟು ಒತ್ತಿದೆ. ಒತ್ತಿದ ಕಡೆಯಿಂದ ಧಾರೆ ಇಳಿಯಿತು. ತಾತ ತಿರುಗಿ ಕೂಡ ನೋಡದೆ, ‘ಯಾವನೋ ಅವ್ನು ಸೂರು ಮುಟ್ಟಿದೋನು?’ ಎಂದರು.

ಸೂರಿನ ವಿಚಾರದಲ್ಲಿ ನನ್ನ ತಂದೆಯೂ ಒಂದು ಮಾತು ಹೇಳಿದ್ದರು, ಅದನ್ನು ನಾನು ಮರೆತಿದ್ದೆ. ನಮ್ಮದು ನಾಡಹೆಂಚಿನ ಮನೆ. ಕೃತ್ತಿಕೆ ಮಳೆ ಹಿಡಿಯುವ ಮೊದಲು ಹೆಂಚು ಕೈಯಾಡಿಸಬೇಕು. ಬೆಕ್ಕು ಓಡಾಡಿ, ಕೋತಿ ಕುಣಿದು ಸರಿದ ಹೆಂಚುಗಳನ್ನು ತಂದೆ ಮೇಲೆ ಕೂತು ಒಂದೊಂದಾಗಿ ಕೂರಿಸುತ್ತಿದ್ದರು. ಆದರೂ ಮಳೆ ಬಂದಾಗ ಅಮ್ಮ ತಪ್ಪಲೆ, ಕೊಳಗ, ಚೊಂಬು ಇಟ್ಟುಕೊಂಡು ಓಡಾಡುತ್ತಿದ್ದಳು. ಒಂದೊಂದರ ದನಿ ಒಂದೊಂದು, ನಡುಮನೆಯಲ್ಲಿ ಜಲತರಂಗ. ನಾನು ಕೋಲಿನಿಂದ ಕೆಳಗಡೆಯಿಂದ ತಟ್ಟಿ, ‘ಇಲ್ಲಿ, ಇಲ್ಲಿ ಸೋರ್ತಿದೆ ಅಪ್ಪಾ’ ಎಂದು ಕೂಗುತ್ತಿದ್ದೆ. ಮೇಲಿನಿಂದ ಬರುತ್ತಿದ್ದ ಉತ್ತರ: ‘ಬೀಳೋ ಜಾಗ ಹೇಳ್ಬೇಡ, ನುಗ್ಗೋ ಜಾಗ ಹೇಳು. ರೀಪು ನೋಡೋ, ರೀಪು!’

ಸೋದರಳಿಯನ ಕಾರ್ಪೆಟ್ಟು ಒದ್ದೆಯಾಗುವುದರ ಗುಟ್ಟು ಮೊದಲು ಬಯಲಾಯಿತು. ಅವನ ಕಾರಿನಲ್ಲಿ ಟಾಪಿನ ಹಿಂದಿನ ಅಂಚಿನ ಕೆಳಗೆ ಒಂದು ಪ್ಲಾಸ್ಟಿಕ್ ದೋಣಿಯಿದೆ, ನಮ್ಮ ಮನೆಯ ಸೂರಿನ ದೋಣಿಯ ಹಾಗೆ. ಟಾಪಿನ ನೀರೆಲ್ಲ ಅದಕ್ಕೆ ಬಂದು, ಎರಡು ಸೀಟಿನ ಹಿಂದೆ ಎರಡು ಕೊಳವೆ ಹಿಡಿದು ಕೆಳಗೆ ಹೋಗಬೇಕು. ಇವನು ನಿಲ್ಲಿಸುತ್ತಿದ್ದದ್ದು ಮೇಪಲ್ ಮರದ ಕೆಳಗೆ. ಮೂರು ವರ್ಷದ ಎಲೆ ಕೊಳವೆಯಲ್ಲಿ ಕೊಳೆತು ಗೊಬ್ಬರವಾಗಿತ್ತು. ನೀರು ಹೋಗಲು ದಾರಿಯಿಲ್ಲದೆ ತುಂಬಿ ಒಳಗೆ ಚೆಲ್ಲುತ್ತಿತ್ತು. ಹುಲ್ಲು ಕತ್ತರಿಸುವ ಯಂತ್ರದ ದಪ್ಪ ಪ್ಲಾಸ್ಟಿಕ್ ದಾರವನ್ನು ಮೆಲ್ಲಗೆ ತೂರಿಸಿ ಆಡಿಸಿದನಂತೆ. ಗಳಗಳ ಎಂದು ಕಪ್ಪು ನೀರು ಕೆಳಗಿಳಿಯಿತು. ಅದರ ವಿಡಿಯೊ ಕಳಿಸಿದ್ದ. ಚರಂಡಿ ಬಿಚ್ಚಿಕೊಂಡ ವಿಡಿಯೊ ನೋಡಿ ಅಷ್ಟು ಹೊಟ್ಟೆಕಿಚ್ಚು ಪಟ್ಟವನು ನಾನೊಬ್ಬನೇ ಇರಬೇಕು.

ಇನ್ನು ಸುಮ್ಮನಿರುವುದು ಸರಿಯಲ್ಲ ಎಂದು ನಾನೂ ಕ್ರಮವಾಗಿ ಪರೀಕ್ಷೆ ಮಾಡಲು ಹೊರಟೆ. ಮನೆಯಲ್ಲಿ ಮಿಕ್ಕ ಚಾಕ್‌ಪೀಸುಗಳನ್ನು ಪುಡಿ ಮಾಡಿ ಹುಡ್‌ನ ಒಳಮೈಯ ಹೊಲಿಗೆಗಳಿಗೆಲ್ಲ ಸವರಿದೆ. ನೀರು ಎಲ್ಲಿ ಮೊದಲು ನುಗ್ಗುತ್ತದೋ ಅಲ್ಲಿ ಬಿಳಿ ಅಳಿದು ಕಪ್ಪಾಗುತ್ತದೆ. ಎಲ್ಲ ಕಡೆ ಒಟ್ಟಿಗೆ ನೀರು ಸುರಿದರೆ ಏನೂ ತಿಳಿಯುವುದಿಲ್ಲ. ಕೆಳಗಿನಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹೋಗಬೇಕು, ಒಂದೊಂದು ಕಡೆ ಐದು ನಿಮಿಷ ಕಾಯಬೇಕು. ನಾನು ಒಳಗೆ ಬ್ಯಾಟರಿ ಹಿಡಿದು ಡ್ರೈವರ್ ಸೀಟಿನಲ್ಲಿ ಕೂತೆ. ನನ್ನಾಕೆ ಹೊರಗೆ ಸ್ಟೂಲು ಹತ್ತಿ ಚೊಂಬು ಹಿಡಿದು ನಿಂತಳು. ‘ಹುಯ್ಲಾ?’ ‘ಹುಯ್ಯಿ.’ ಅರ್ಧ ಗಂಟೆ ಅಭಿಷೇಕವಾಯಿತು. ಮೊಣಕಾಲಿನ ಮೇಲೆ ಒಂದು ಹನಿಯೂ ಬೀಳಲಿಲ್ಲ. ಆಸ್ಪತ್ರೆಗೆ ಹೋದ ಕೂಡಲೇ ಜ್ವರ ಬಿಡುತ್ತದಲ್ಲ, ಹಾಗೆ. ನನಗಂತೂ ಅಳುವೇ ಬಂತು. ನಾನು ಬಿಡಾರ ಎತ್ತಿ ಹೊರಗೆ ಬಂದು, ‘ಸೋರೋದು ನಿಂತಿದೆ ಕಣೇ’ ಎಂದೆ.

ಅವಳು ಹಿಂದಿನ ಪರದೆ ಎತ್ತಿ ಒಳಗೆ ಇಣುಕಿದಳು. ‘ನಿಮ್ಮ ಮೇಲೆ ನಿಂತಿರಬಹುದು’ ಎಂದಳು. ಹಿಂದಿನ ಉದ್ದನೆಯ ಸೀಟು ತೊಯ್ದು ತೊಟ್ಟಿಕ್ಕುತ್ತಿತ್ತು. ಅದು ಅವಳು ಯಾವಾಗಲೂ ಕಾಲು ನೀಡಿ ಕೂರುವ ಜಾಗ.

‘ಇದೇನು ಹೊಸದಾಗಿ?’ ಎಂದೆ.

‘ಹೊಸದಲ್ಲ. ಕೆಮ್ಮಣ್ಣುಗುಂಡಿಗೆ ಹೋದಾಗ್ಲೇ ಹೇಳಿದ್ನಲ್ಲ. ಹತ್ತುವಾಗ ನನ್ನ ಮೇಲೆ, ಇಳಿಯುವಾಗ ನಿಮ್ಮ ಮೇಲೆ.’

ಆ ಕೆಮ್ಮಣ್ಣುಗುಂಡಿ ಯಾತ್ರೆಯನ್ನು ನಾನು ನೆನಪಿನಿಂದ ಒರೆಸಿ ಹಾಕಲು ಬಹಳ ಪ್ರಯತ್ನಪಟ್ಟಿದ್ದೆ. ಮಗಳ ಮದುವೆಯಾದ ಹೊಸತು. ಬೀಗರು ಬಂದಿದ್ದರು. ರೈಲಿನಿಂದ ಬೀರೂರಿನಲ್ಲಿಳಿದವರನ್ನು ಜೀಪಿನಲ್ಲೇ ಕರೆತಂದು, ಮಾರನೆಯ ದಿನ ಮಲೆನಾಡು ತೋರಿಸುತ್ತೇನೆಂದು ಜಂಬದಿಂದ ಹೊರಡಿಸಿದೆ. ಅಜ್ಜಂಪುರ ಮಲೆನಾಡೂ ಅಲ್ಲ, ಪೂರಾ ಬಯಲುಸೀಮೆಯೂ ಅಲ್ಲ, ಎರಡರ ಹೊಸ್ತಿಲು. ನಮ್ಮಲ್ಲಿ ಮೋಡ ಬರುತ್ತದೆ, ಕೂರುವುದಿಲ್ಲ. ಅದಕ್ಕೇ ನಮ್ಮೂರಿನಲ್ಲಿ ಒಂದು ಹನಿ ಸೋರುವ ಜೀಪು ಕಲ್ಲತ್ತಿಗಿರಿ ದಾಟುವಷ್ಟರಲ್ಲಿ ಜರಡಿಯಾಗುತ್ತದೆ. ಬೀಗರು ನನ್ನ ಪಕ್ಕ, ಬೀಗಿತ್ತಿ ಹಿಂದೆ ನನ್ನಾಕೆಯ ಜೊತೆ, ಮೈಸೂರು ಸಿಲ್ಕಿನಲ್ಲಿ. 1434 ಮೀಟರ್ ಎತ್ತರದ ಊರು, ನಾಲ್ವಡಿಯವರು ಬೇಸಗೆಗೆ ಬಂದು ತಂಗುತ್ತಿದ್ದ ಜಾಗ, ಇಲ್ಲಿನ ಅದಿರು ತೊಟ್ಟಿಲುಗಳಲ್ಲಿ ಬೆಟ್ಟವಿಳಿದು ಭದ್ರಾವತಿಗೆ ಹೋಗುತ್ತಿತ್ತು, ಮಣ್ಣು ಕೆಂಪಾದ್ದರಿಂದಲೇ ಆ ಹೆಸರು ಎಂದೆಲ್ಲ ನಾನು ತಿರುವು ತಿರುವಿಗೂ ಪಾಠ ಹೇಳುತ್ತಿದ್ದೆ. ಹಿಂದಿನಿಂದ ಮಾತೇ ಇಲ್ಲ. ನಿಸರ್ಗ ನೋಡಿ ಮೂಕರಾಗಿದ್ದಾರೆ ಎಂದುಕೊಂಡೆ. ಮೇಲೆ ಹೋಗಿ ಇಳಿದಾಗ ನೋಡಿದರೆ ಬೀಗಿತ್ತಿಯ ಸೀರೆಯ ಮೇಲೆ ಎದೆಯಿಂದ ನೆರಿಗೆಯ ತನಕ ಒಂದು ನದಿ, ಅದಕ್ಕೆರಡು ಉಪನದಿ. ನನ್ನಾಕೆ ತನ್ನ ಟವೆಲನ್ನು ಅವರಿಗೆ ಹೊದಿಸಿ ತಾನು ನೆನೆದಿದ್ದಳು. ‘ತೀರ್ಥ ಪ್ರೋಕ್ಷಣೆ ಆಯ್ತು ಬಿಡಿ’ ಎಂದರು ಆ ಮಹಾತಾಯಿ. ಇಳಿಯುವಾಗ ಹಿಂದೆ ಎಲ್ಲರೂ ಒಣಗಿ ಹರಟುತ್ತಿದ್ದರು, ನನ್ನ ಮೊಣಕಾಲು ತೊಟ್ಟಿಕ್ಕುತ್ತಿತ್ತು. ನನಗೆ ಅವತ್ತು ಅನ್ನಿಸಿದ್ದು ಮಾಡಿದ್ದುಣ್ಣೋ ಮಹರಾಯ ಎಂದಷ್ಟೇ. ಇಳಿಜಾರಿನ ಲೆಕ್ಕ ಹೊಳೆಯಲಿಲ್ಲ.

ಈಗ ಅಂಗಳದಲ್ಲಿ ನಿಂತು ನೋಡಿದೆ. ನಮ್ಮ ಅಂಗಳ ಬೀದಿಯ ಕಡೆಗೆ ಇಳಿಜಾರು. ಜೀಪಿನ ಮೂತಿ ಮನೆಯ ಕಡೆ, ಅಂದರೆ ಮೇಲಕ್ಕೆ. ಪರೀಕ್ಷೆ ಮಾಡುವಾಗ ನಾನು ಕೆಮ್ಮಣ್ಣುಗುಂಡಿ ಹತ್ತುತ್ತಿದ್ದೆ! ಜೀಪನ್ನು ತಿರುಗಿಸಿ ನಿಲ್ಲಿಸಿದೆ. ಎರಡು ಚೊಂಬು ಹುಯ್ಯುವಷ್ಟರಲ್ಲಿ ಮಂಡಿಚಿಪ್ಪಿಗೆ ಟಪ್ ಎಂದಿತು. ಅಷ್ಟು ಸಂತೋಷದಿಂದ ನಾನು ಯಾವತ್ತೂ ನೆನೆದಿರಲಿಲ್ಲ.

ಹುಡ್‌ನ ಕೆಳಗೆ ಅಡ್ಡಕ್ಕೆ ಮೂರು ಕಬ್ಬಿಣದ ಪೈಪಿನ ಕಮಾನು, ಅವುಗಳ ನೆತ್ತಿಯನ್ನು ಕೂಡಿಸುತ್ತ ಮುಂದಿನಿಂದ ಹಿಂದಿನ ತನಕ ಒಂದು ಉದ್ದ ಪೈಪು. ಆ ಉದ್ದ ಪೈಪೇ ನಮ್ಮ ಮನೆಯ ರೀಪು. ಬ್ಯಾಟರಿ ಬಿಟ್ಟು ಅದರ ಅಡಿಯುದ್ದಕ್ಕೂ ಬೆರಳಾಡಿಸುತ್ತ ಹೋದೆ. ಒದ್ದೆ, ಒದ್ದೆ, ಒದ್ದೆ. ನಡುವಿನ ಕಮಾನಿಗೆ ಬೆಸೆದ ಕಡೆ ತುಕ್ಕು ತಿಂದು ಒಂದು ಮುಳ್ಳು ಎದ್ದಿತ್ತು, ಅಕ್ಕಿಕಾಳಿನಷ್ಟು. ಜೀಪು ಕುಲುಕಿದಾಗಲೆಲ್ಲ ಕ್ಯಾನ್ವಾಸು ಅದಕ್ಕೆ ಉಜ್ಜಿ ಉಜ್ಜಿ ಹೆಬ್ಬೆರಳುಗುರಿನಷ್ಟು ಜಾಗದಲ್ಲಿ ಎಳೆ ಬಿಟ್ಟಿತ್ತು. ತೂತೆಂದು ಹೇಳುವ ಹಾಗೂ ಇಲ್ಲ. ಬೆಳಕಿಗೆ ಹಿಡಿದರೆ ಸೊಳ್ಳೆಪರದೆಯಂತೆ ಕಂಡಿತು. ನೀರು ನುಗ್ಗುತ್ತಿದ್ದದ್ದು ಅಲ್ಲಿ, ನಟ್ಟನಡುವೆ. ಅಲ್ಲಿಂದ ಪೈಪಿನ ಅಡಿಗೆ ಅಂಟಿಕೊಂಡು, ಜೀಪು ಯಾವ ಕಡೆ ಬಾಗಿದ್ದರೆ ಆ ಕಡೆಗೆ ಹರಿದು, ಮುಂದಿನ ಬೋಲ್ಟಿನ ತುದಿಯಲ್ಲೋ ಹಿಂದಿನ ಬೋಲ್ಟಿನ ತುದಿಯಲ್ಲೋ ಕೈಬಿಡುತ್ತಿತ್ತು. ಮುಂದಿನ ಬೋಲ್ಟಿನ ಕೆಳಗೆ ನನ್ನ ಮೊಣಕಾಲು, ಹಿಂದಿನದರ ಕೆಳಗೆ ಸಂಸಾರ. ನೀರು ಪೈಪಿನ ಅಡಿಗೆ ಹೇಗೆ ಅಂಟಿಕೊಂಡು ಹೋಗುತ್ತದೆ ಎಂಬುದನ್ನು ನಾನು ಎಂಟನೇ ಕ್ಲಾಸಿನ ಹುಡುಗರಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದೆ.

ತೇಪೆ ಹಾಕುವ ಮೊದಲು ಕಡೂರಿಗೆ ಹೋದೆ. ಅಲ್ಲಿ ವಯಸ್ಸಾದ ಭಾಯ್ ಒಬ್ಬರು ಲಾರಿ ಟಾರ್ಪಾಲು, ಜೀಪಿನ ಹುಡ್, ಕುಶನ್ ಕೆಲಸ ಮಾಡುತ್ತಾರೆ. ನನ್ನ ಹೊಲಿಗೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಒಳ್ಳೆಯ ಮನುಷ್ಯ, ನಗಲಿಲ್ಲ.

‘ಯಾವ ದಾರ ಹಾಕಿದ್ರಿ ಮೇಷ್ಟ್ರೇ?’

‘ನೈಲಾನು. ಗಟ್ಟಿ ಇದೆ.’

‘ಗಟ್ಟಿ ಇದೆ, ಆದ್ರೆ ಅದು ನೀರು ಕುಡಿಯಲ್ಲ. ನೂಲಿನ ದಾರ ನೀರು ಕುಡಿದು ಊದ್ಕೊಳ್ಳುತ್ತೆ, ಸೂಜಿ ತೂತು ತಾನೇ ಮುಚ್ಕೊಳ್ಳುತ್ತೆ. ಕ್ಯಾನ್ವಾಸೂ ಹಂಗೇ. ಮೊದಲ ಮಳೆಗೆ ಸೋರುತ್ತೆ, ಎರಡನೇದಕ್ಕೆ ನಿಲ್ಲುತ್ತೆ. ನೀವು ಒಂದೊಂದು ತೂತಿಗೂ ಒಂದೊಂದು ಬತ್ತಿ ಇಟ್ಟಿದ್ದೀರಿ, ನೀರು ಬತ್ತಿ ಹಿಡ್ಕೊಂಡು ಇಳಿಯುತ್ತೆ.’

ಬತ್ತಿ! ಲೋಮನಾಳ ಕ್ರಿಯೆಗೆ ನಾನು ಕೊಡುತ್ತಿದ್ದ ಉದಾಹರಣೆಯೇ ದೀಪದ ಬತ್ತಿ. ಅವರು ಜೇನುಮೇಣದ ಒಂದು ಮುದ್ದೆ ಕೊಟ್ಟು, ನೂಲಿನ ದಾರವನ್ನು ಅದರಲ್ಲಿ ಎರಡು ಸಲ ಎಳೆದು ತೋರಿಸಿದರು. ತೇಪೆಯ ಮೇಲಂಚನ್ನು ಹಳೇ ಬಟ್ಟೆಯ ಅಡಿಗೆ ಸೇರಿಸಿ, ಕೆಳಗಂಚನ್ನು ಮೇಲೆ ಬಿಡಬೇಕು, ನೀರು ಹತ್ತಿ ಇಳಿದು ಹೋಗಬೇಕು, ಎದುರಾಗಬಾರದು ಎಂದರು. ‘ಹೆಂಚು ಹೊದಿಸ್ದಂಗೆ’ ಎಂದು ನಾನೆಂದೆ. ‘ಗೊತ್ತಲ್ಲ ನಿಮಗೆ’ ಎಂದರು. ದುಡ್ಡು ತೆಗೆದುಕೊಳ್ಳಲಿಲ್ಲ. ಅವರ ಮೊಮ್ಮಗ ನನ್ನ ಕೈಯಲ್ಲಿ ಓದಿದ್ದನಂತೆ. ವಿಜ್ಞಾನದಲ್ಲಿ ಪಾಸಾಗಿದ್ದನೇ ಎಂದು ಕೇಳಲು ಧೈರ್ಯವಾಗಲಿಲ್ಲ.

ಕೆಲಸ ಮೂರು ದಿನದ್ದು. ಕಬ್ಬಿಣದ ಮುಳ್ಳನ್ನು ಅರದಿಂದ ಉಜ್ಜಿ ನಯ ಮಾಡಿದೆ, ರೆಡಾಕ್ಸೈಡ್ ಬಳಿದೆ, ಆ ಜಾಗಕ್ಕೆ ಹಳೇ ಸೈಕಲ್ ಟ್ಯೂಬ್ ಸುತ್ತಿ ದಾರ ಬಿಗಿದೆ. ನೈಲಾನ್ ಹೊಲಿಗೆಯನ್ನೆಲ್ಲ ಬ್ಲೇಡಿನಿಂದ ಕತ್ತರಿಸಿ ಎಳೆದೆ. ಹಾಕುವುದಕ್ಕೆ ನಾಲ್ಕು ದಿನ ಹಿಡಿದದ್ದು ತೆಗೆಯಲು ಒಂದು ಮಧ್ಯಾಹ್ನ. ಮತ್ತೆ ಜಗಲಿ, ಮತ್ತೆ ದಬ್ಬಣ, ಮತ್ತೆ ದಾರಿಹೋಕರು. ಈ ಸಲ ನನ್ನಾಕೆ ಎದುರು ಕೂತು ಬಟ್ಟೆಯ ಇನ್ನೊಂದು ಬದಿಯಿಂದ ದಬ್ಬಣ ಎಳೆದು ವಾಪಸು ಚುಚ್ಚುತ್ತಿದ್ದಳು. ಒಂದು ಹೊಲಿಗೆ ನನ್ನದು, ಒಂದು ಅವಳದು. ನನ್ನವು ಯಾವುವು ಎಂದು ಹೇಳಬೇಕಾಗಿಲ್ಲ, ಸೊಟ್ಟಗಿರುವವು. ಪಕ್ಕದ ಮನೆಯವರು ಶರೀಫರ ಪದವನ್ನು ಶುರು ಮಾಡಿದಾಗ ನಾನೂ ದನಿಗೂಡಿಸಿದೆ. ಅವರು ತಕ್ಷಣ ನಿಲ್ಲಿಸಿದರು.

ಆಮೇಲೆ ಮಳೆಯೇ ಬರಲಿಲ್ಲ. ಮಘೆ ಹೋಯಿತು, ಹುಬ್ಬೆ ಹೋಯಿತು. ಊರಿನವರು ರಾಗಿ ಒಣಗುತ್ತದೆಂದು ಆಕಾಶ ನೋಡಿದರು. ನಾನು ಅವರ ಜೊತೆ ನಿಂತು ನೋಡುತ್ತಿದ್ದೆ, ನನ್ನ ಕಾರಣವನ್ನು ಮಾತ್ರ ಹೇಳಿಕೊಳ್ಳಲಿಲ್ಲ. ಸಿಯಾಟಲ್‌ನಿಂದ ದಿನಾ ಒಂದು ಪ್ರಶ್ನೆ: ‘ಮಾವ, ಬಂತಾ?’ ಅವನ ಕಾರಿನ ಕಾರ್ಪೆಟ್ಟು ಒಣಗಿತ್ತು. ಬಿಸಿಲು ಬಂದ ದಿನ ಟಾಪು ಮಡಚಿಕೊಂಡು ತಿರುಗುತ್ತಿದ್ದೇನೆ ಎಂದು ಫೋಟೊ ಕಳಿಸುತ್ತಿದ್ದ. ಫೋಟೊದಲ್ಲಿ ಹಿಂದೆ ಕಪ್ಪು ಮೋಡ ಕಾಣುತ್ತಿತ್ತು, ಅದನ್ನು ನಾನು ಹೇಳಲಿಲ್ಲ.

ಉತ್ತರೆ ಮಳೆ ಬಂದದ್ದು ಒಂದು ಸಂಜೆ, ನನ್ನಾಕೆಯ ಜೊತೆ ತರೀಕೆರೆಯಿಂದ ವಾಪಸಾಗುವಾಗ. ನಾಲ್ಕು ದಪ್ಪ ಹನಿ, ಜೋಳ ಹುರಿದ ಸದ್ದು, ಬೈಕಿನವರ ಓಟ. ಇಬ್ಬರೂ ಮಾತಾಡಲಿಲ್ಲ. ಐದು ನಿಮಿಷ, ಎಂಟು ನಿಮಿಷ, ಹತ್ತು. ಎಡಗೈಯನ್ನು ಗೇರಿನಿಂದ ತೆಗೆದು ಮೊಣಕಾಲು ಮುಟ್ಟಿ ನೋಡಿಕೊಂಡೆ. ಹಿಂದಿನಿಂದ, ‘ಇಲ್ಲೂ ಇಲ್ಲ’ ಎಂದಳು. ಮೇಲೆ ಬೆರಳಿಟ್ಟು ಒತ್ತಿ ನೋಡಬೇಕು ಎನ್ನಿಸಿತು. ತಾತನ ದನಿ ಕೇಳಿದಂತಾಗಿ ಕೈ ಇಳಿಸಿದೆ.

ಈಗ ಒಂದೇ ಕಡೆ ಸೋರುತ್ತದೆ, ಹಿಂದಿನ ಬಲ ಮೂಲೆ. ಅಲ್ಲಿ ಯಾರೂ ಕೂರುವುದಿಲ್ಲ. ಜಾಕ್ ಇಟ್ಟಿದ್ದೇನೆ, ಗ್ರೀಸ್ ಸವರಿ.